ವಿಫ್ರೆದೋ ಲಾಮ್ ಲಿಥೋಗ್ರಾಫ್ 58/99: ಅಸಲಿಯೇ? ಫ್ರೇಮ್ ಹೇಗೆ ಹಾಕಿಸೋದು?

ಕೋಟೆಬದಿ, ಬಳ್ಳಾರಿ:
ಕ್ಯೂಬಾದ ಚಿತ್ರಕಾರ ವಿಫ್ರೆದೋ ಲಾಮ್ ಅವರದೆನ್ನುವ ಬಣ್ಣದ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಒಂದರ ವ್ಯಾಪಾರ ನಡೆದಿದೆ. ಹಾಳೆ ಕೈಯಲ್ಲೇ ಇದೆ, ದುಡ್ಡು ಕೊಟ್ಟಿಲ್ಲ. ಕುದುರೆ ಮುಖದ ಹೆಣ್ಣು, ಕೊಂಬು, ಚೂಪು ಬೆರಳು. ಎಡಕ್ಕೆ ಪೆನ್ಸಿಲಿನಲ್ಲಿ 58/99, ಬಲಕ್ಕೆ ಸಹಿ. ಅಳತೆ 31×48 ಸೆಂ.ಮೀ. ಮನೆಯಲ್ಲೇ ಏನೇನು ಪರೀಕ್ಷೆ ಮಾಡಬಹುದು? 58 ಅಂದರೆ ಬೆಲೆ ಕಡಿಮೆಯೇ? ಫ್ರೇಮ್ ಅಂಗಡಿಯವರು ಅಂಚು ಕತ್ತರಿಸಿ ಹಾರ್ಡ್‌ಬೋರ್ಡಿಗೆ ಅಂಟಿಸಿಕೊಡ್ತೀವಿ ಅಂತಾರೆ, ಸರಿಯೇ?

ಕಲ್ಲಚ್ಚು, ರಾಯಚೂರು:
ಅಂಚಿಗೆ ಕತ್ತರಿ ತಾಗಿಸಬ್ಯಾಡ್ರಿ. ನಂಬರ್, ಸಹಿ, ನೀರಚ್ಚು (ಕಾಗದದೊಳಗಿನ ವಾಟರ್‌ಮಾರ್ಕ್) ಇರೋದೇ ಅಲ್ಲಿ. ಒಂದು ಸೆಂಟಿಮೀಟರ್ ಹೋದರೂ ಕಲಾವಿದರ ಮುದ್ರಣಗಳ ಕ್ಯಾಟಲಾಗಿನ ಅಳತೆಗೆ ಹೊಂದೋದಿಲ್ಲ, ಬೆಲೆ ಬೀಳ್ತದೆ.

58ಕ್ಕೂ ಬೆಲೆಗೂ ಸಂಬಂಧವಿಲ್ಲ. ಸಹಿ ಹಾಕುವಾಗ ಕೈಗೆ ಬಂದ ಹಾಳೆಗೆ ಆ ನಂಬರ್ ಬಿದ್ದಿರ್ತದೆ, ಅಚ್ಚಾದ ಕ್ರಮ ಅದಲ್ಲ. ಒಟ್ಟು ಎಷ್ಟು ಪ್ರತಿ (ಇಲ್ಲಿ 99) ಅನ್ನೋದೇ ಮುಖ್ಯ. ನಂಬರ್ ಬದಲು ಇ.ಎ. ಅಂತಿದ್ದರೆ ಕಲಾವಿದರ ಪ್ರತಿ, ಎಚ್.ಸಿ. ಅಂದರೆ ಮಾರಾಟಕ್ಕಲ್ಲದ್ದು.

ಅಕ್ಕಸಾಲಿಗರ 10 ಪಟ್ಟಿನ ಲೂಪ್ (ಭೂತಗನ್ನಡಿ) ತಗೊಳ್ರಿ. ಕಣ್ಣು ಪಳಗೋದಕ್ಕೆ ಮೊದಲು ಈ ವರ್ಷದ ಕ್ಯಾಲೆಂಡರ್ ನೋಡ್ರಿ: ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಸಾಲು ಹಿಡಿದು ಹೂವಿನಂಗೆ ಕೂತಿರ್ತಾವ. ಅದು ಆಫ್‌ಸೆಟ್, ಅಂದರೆ ಫೋಟೋದಿಂದ ಯಂತ್ರದಲ್ಲಿ ತೆಗೆದ ಅಚ್ಚು. ಆಮೇಲೆ ದೇವರ ಕೋಣೆಯಲ್ಲಿ ರವಿವರ್ಮ ಪ್ರೆಸ್ಸಿನ ಹಳೇ ಪಟ ಇದ್ದರೆ ಅದನ್ನು ನೋಡ್ರಿ. 1894ರಲ್ಲಿ ಮುಂಬೈಯಲ್ಲಿ ಶುರುವಾದ ಆ ಪ್ರೆಸ್ಸಿನದು ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ತೆಗೆದ ಅಚ್ಚು. ಅಲ್ಲೂ ಚುಕ್ಕೆ ಇರ್ತಾವ, ಆದರೆ ಗಾತ್ರ, ಅಂತರ ಒಂದೇ ಸಮ ಇರೋದಿಲ್ಲ. ನಿಮ್ಮ ಹಾಳೆಯಲ್ಲಿ ಕ್ರೇಯಾನ್ ಗೆರೆ ಒಡೆದು ಕಾಳುಕಾಳಾಗಿ ಕಾಣಬೇಕು. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು ಇಲ್ಲವೇ ಸತುವಿನ ತಗಡು ಇರೋದರಿಂದ, ಎರಡು ಬಣ್ಣ ಕೂಡುವಲ್ಲಿ ಕೂದಲೆಳೆಯಷ್ಟು ಒಂದರ ಮೇಲೊಂದು ಹತ್ತಿರಬಹುದು.

ಸಹಿಗೆ ಟಾರ್ಚ್ ಅಡ್ಡ ಹಿಡೀರಿ. ಪೆನ್ಸಿಲ್ ಆದರೆ ಹೊಳೀತದೆ, ಕಾಗದ ತುಸು ತಗ್ಗಿರ್ತದೆ. ಕಿಟಕಿ ಬೆಳಕಿಗೆ ಹಿಡಿದು ಆರ್ಷ್ ಅಥವಾ ರೀವ್ ಅನ್ನೋ ಫ್ರೆಂಚ್ ಕಲಾ ಕಾಗದದ ನೀರಚ್ಚು ಹುಡುಕ್ರಿ.

ಅಳತೆ ಮಾತ್ರ ಅನುಮಾನ ತರ್ತದೆ. ಹಾಳೆಯ ನಟ್ಟನಡುವೆ ಮಡಚಿದ ಗೆರೆ ಇದೆಯೇ?

ಕೋಟೆಬದಿ:
ಇದೆ. ನೀರಚ್ಚು ಇಲ್ಲ. ಗೆರೆ ಕಾಳುಕಾಳಾಗೇ ಇದೆ, ಸಹಿಯೂ ಹೊಳೆಯುತ್ತದೆ.

ಕಲ್ಲಚ್ಚು:
ಹಂಗಾದರೆ ಆ ಅಳತೆ, ಮಡಿಕೆ ನೋಡಿದರೆ ಇದು ಕಲಾ ಪತ್ರಿಕೆಯಿಂದ ಬಿಚ್ಚಿದ ಜೋಡಿ ಪುಟ ಇರಬೇಕು. ಪ್ಯಾರಿಸ್‌ನ ವ್ಯಾಂತಿಯೆಮ್ ಸಿಯೆಕ್ಲ್ ಥರದ ಪತ್ರಿಕೆಗಳು ಅಸಲಿ ಲಿಥೋಗ್ರಾಫ್‌ಗಳನ್ನೇ ಒಳಗೆ ಸೇರಿಸಿ ಹೊಲಿಯುತ್ತಿದ್ದವು, ಸಹಿ ನಂಬರ್ ಇಲ್ಲದೆ, ದೊಡ್ಡ ಸಂಖ್ಯೆಯಲ್ಲಿ. ಅಚ್ಚು ಅಸಲಿ, ಸಹಿ, 58/99 ಆಮೇಲೆ ಯಾರೋ ಬರೆದದ್ದು ಅನ್ನೋ ಅನುಮಾನ ಬಲವಾಗಿದೆ. ಪೆನ್ಸಿಲ್ ಅಸಲಿ ಅಂದ ಮಾತ್ರಕ್ಕೆ ಕೈ ಲಾಮ್ ಅವರದಾಗೋದಿಲ್ಲ. ಅವರು ತೀರಿಕೊಂಡದ್ದು 1982ರಲ್ಲಿ. ಅವರ ಮುದ್ರಣಗಳ ಸಮಗ್ರ ಕ್ಯಾಟಲಾಗಿನಲ್ಲಿ ಈ ಚಿತ್ರದ 99 ಪ್ರತಿಯ ಆವೃತ್ತಿ, ಅದರ ಕಾಗದ, ಅಳತೆ ಹೊಂದುತ್ತವೆಯೇ ತಾಳೆ ನೋಡೋ ತನಕ ಸಹಿ ಇಲ್ಲದ ಹಾಳೆಯ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಡಬ್ಯಾಡ್ರಿ.

ಗವಿಮಠ ರಸ್ತೆ, ಕೊಪ್ಪಳ:
ಸಹಿ ಸುಳ್ಳಾದರೂ ಅಚ್ಚು ಉಳಿಸಿಕೊಳ್ಳುವಂಥದ್ದೇ. ಆ ಕುದುರೆ-ಹೆಣ್ಣು ಲಾಮ್ ಅವರಲ್ಲಿ ಮತ್ತೆ ಮತ್ತೆ ಬರುವ ರೂಪ. ಕ್ಯೂಬಾದ ಸಾಂತೆರಿಯಾ ಆಚರಣೆಯಲ್ಲಿ ದೇವರು ಮೈಮೇಲೆ ಬಂದವರನ್ನು ಆ ದೇವರ ಕುದುರೆ ಅನ್ನುತ್ತಾರೆ. ನಮ್ಮ ಕಡೆ ಮೈತುಂಬಿ ಬರೋದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಫ್ರೇಮಿನ ಮಾತು. ಹಾರ್ಡ್‌ಬೋರ್ಡಿನ ಆಮ್ಲ ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದು ಮಾಡುತ್ತದೆ. ಫೆವಿಕಾಲ್, ಸೆಲ್ಲೋ ಟೇಪ್ ಹತ್ತಿಸಿದರೆ ಬಿಡಿಸಲಾಗದು. ಹಿಂದೆ ಮುಂದೆ ಎರಡೂ ಕಡೆ ಆಮ್ಲರಹಿತ ಮೌಂಟ್ ಬೋರ್ಡ್ ಇರಲಿ, ಮುಂದಿನದು ಚಿತ್ರ ಕಾಣುವಂತೆ ನಡುವೆ ಕಿಟಕಿ ಕತ್ತರಿಸಿದ 4 ಪದರದ್ದು. ಆಗ ಗಾಜಿಗೂ ಹಾಳೆಗೂ ಒಂದೂವರೆ ಮಿ.ಮೀ. ಸಂದು ಸಿಗುತ್ತದೆ. ಸಂದಿಲ್ಲದಿದ್ದರೆ ಮಳೆಗಾಲದಲ್ಲಿ ಶಾಯಿ ಗಾಜಿಗೆ ಹತ್ತಿಕೊಳ್ಳುತ್ತದೆ. ಹಾಳೆಯನ್ನು ಮೇಲಂಚಿನಲ್ಲಿ ಎರಡೇ ಕಡೆ ಜಪಾನಿ ಕಾಗದದ ಪಟ್ಟಿಯಿಂದ ತೂಗುಬಿಡಿ. ನಾಲ್ಕೂ ಕಡೆ ಬಿಗಿದರೆ ಸೆಕೆಗೆ ಹಿಗ್ಗಿ ಸೊಟ್ಟಗಾಗುತ್ತದೆ. ಅಂಟಿಗೆ ಶುದ್ಧ ಗೋಧಿ ಪಿಷ್ಟ ಒಂದು ಪಾಲು, ನೀರು ನಾಲ್ಕೈದು ಪಾಲು, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕಲಕುತ್ತ ಬೇಯಿಸಿ. ಮೈದಾ ಅಂಟು ಬೇಡ, ಅದಕ್ಕೆ ಹುಳ ಬರುತ್ತದೆ. ಹುಳಕ್ಕೆಂದು ಮೈಲುತುತ್ತ ಬೆರೆಸಿದರೆ ಕಾಗದವೇ ಹಾಳು. ಮುಂದುಗಡೆ ಗಾಜಿನ ಬದಲು ಯುವಿ ತಡೆಯುವ ಅಕ್ರಿಲಿಕ್ ಹಾಕಿಸಿ. ಅದನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗಣಿ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ, ಒದ್ದೆ ಬಟ್ಟೆಯೇ ಸರಿ.

ಪಡುವಣ ಗೋಡೆಗೆ ತೂಗುಹಾಕಬೇಡಿ, ಏಪ್ರಿಲ್-ಮೇನಲ್ಲಿ ಅದು ಸಂಜೆತನಕ ಕಾದಿರುತ್ತದೆ. ಗೆದ್ದಲು, ಥಂಡಿ ದಾಟದಂತೆ ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಗುಂಡಿ ಅಂಟಿಸಿ. ಕೂಲರಿನ ಗಾಳಿ ನೇರ ಬೀಳುವ ಕಡೆಯಂತೂ ಬೇಡವೇ ಬೇಡ: ಹಗಲು ಒದ್ದೆ ಗಾಳಿ, ಕೂಲರ್ ನಿಂತ ಮೇಲೆ ಒಣ ಝಳ, ಒಂದೇ ಬೇಸಿಗೆಯಲ್ಲಿ ಹಾಳೆ ಅಲೆಅಲೆಯಾಗುತ್ತದೆ.