ದಿನಾ ಫೋನ್ ಮಾಡಿದರೂ ಅಮ್ಮ ಮಂಕಾಗ್ತಿದ್ದಾರೆ, ಏನು ಮಾಡಲಿ? (ಕೊರೊನಾ ನಿರ್ಬಂಧಗಳಿದ್ದ ಕಾಲದ ಪ್ರಶ್ನೋತ್ತರ)

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಅಮ್ಮನಿಗೆ 76, ಒಬ್ಬರೇ ಇರೋದು. ಕೊರೊನಾ ಶುರುವಾದ ಮೇಲೆ ಹೊರಗೆ ಕಾಲಿಡೋದನ್ನೇ ಬಿಟ್ಟಿದ್ದಾರೆ. ನಮ್ಮಿಂದ ಸೋಂಕು ತಗಲೀತು ಅಂತ ನಾವೂ ಹೋಗ್ತಿಲ್ಲ. ಬೆಳಿಗ್ಗೆ, ಸಂಜೆ ಫೋನ್ ಮಾಡ್ತೀನಿ. "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಅಂದ್ರೆ "ಹೂಂ" ಅಂತಾರೆ, ಅಲ್ಲಿಗೆ ಮಾತು ಮುಗೀತು. ಇಡೀ ದಿನ ಟಿವಿ ಮುಂದೆ ಕೂತಿರ್ತಾರೆ. ವಿಡಿಯೋ ಕಾಲ್ ಕಲಿಸ್ತೀನಿ ಅಂದ್ರೆ ಬೇಡ ಅಂತಾರೆ. ದಾರಿ ತೋರಿಸಿ.

ಉತ್ತರ (ವೃದ್ಧರ ಮಾನಸಿಕ ಆರೋಗ್ಯ ವೈದ್ಯೆ): ನಮಸ್ಕಾರ. ಎಷ್ಟು ಸಲ ಫೋನ್ ಮಾಡ್ತೀರಿ ಅನ್ನೋದರಲ್ಲಿ ಕೊರತೆ ಇಲ್ಲ. ಆದರೆ ಊಟ, ಮಾತ್ರೆ ಕೇಳಿದರೆ "ಹೂಂ" ಬಿಟ್ಟು ಅವರು ತಾನೇ ಏನು ಹೇಳಿಯಾರು? ದಿನವಿಡೀ ಎಲ್ಲರೂ ಇದನ್ನೇ ಕೇಳ್ತಿದ್ದರೆ, ತಾನೀಗ ಬರೀ ನೋಡಿಕೊಳ್ಳಬೇಕಾದ ಜೀವ ಅನ್ನೋ ಭಾವನೆ ಬಂದುಬಿಡುತ್ತೆ. ನಾನು ಮಾತಾಡಿಸೋ ಹಿರಿಯರಲ್ಲಿ ಹಲವರಿಗೆ ಜನ ಬರದಿರೋದಕ್ಕಿಂತ ಇದೇ ಹೆಚ್ಚು ನೋವು ಕೊಟ್ಟಿದೆ.

ನಾಳೆ ಅವರ ಸಹಾಯ ಕೇಳಿ. ನೆಪಕ್ಕಲ್ಲ, ನಿಜವಾಗಿಯೂ ನಿಮಗೆ ಬೇಕಾದದ್ದನ್ನೇ ಕೇಳಿ. "ಅಮ್ಮಾ, ಅಂಗಿ ತೋಳು ಕಿತ್ತುಬಂದಿದೆ, ಹೇಗೆ ಸರಿಮಾಡ್ಲಿ?" ಅನ್ನಿ. "ಹೊಲಿಗೆ ಬಿಟ್ಟಿದೆಯೋ, ಬಟ್ಟೆಯೇ ಹರಿದಿದೆಯೋ? ಒಳಮಗ್ಗುಲು ತಿರುಗಿಸಿ ನೋಡು" ಅಂತ ಶುರುಮಾಡ್ತಾರೆ. ಮಾರನೇ ದಿನ "ಹೊಲಿದ್ಯಾ?" ಅಂತ ಅವರೇ ಕೇಳ್ತಾರೆ. ಈಗ ವಿಚಾರಿಸಿಕೊಳ್ಳೋ ಸರದಿ ಅವರದಾಯ್ತು ನೋಡಿ.

ಇದಕ್ಕೆ ಆಧಾರವೂ ಇದೆ. 2020ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ 240 ಜನರನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಅವರಲ್ಲಿ ವಯಸ್ಸಾದವರೇ ಹೆಚ್ಚು. ಅರ್ಧದಷ್ಟು ಜನರಿಗೆ ನಾಲ್ಕು ವಾರ ಫೋನ್ ಮಾಡಿದರು. ಮಾಡಿದವರು ವೈದ್ಯರಲ್ಲ, ಸ್ವಲ್ಪ ತರಬೇತಿ ಪಡೆದ 17ರಿಂದ 23 ವಯಸ್ಸಿನ ಹುಡುಗ ಹುಡುಗಿಯರು. ಏನು ಮಾತಾಡಬೇಕು ಅನ್ನೋದನ್ನು ಆ ಕಡೆಯವರಿಗೇ ಬಿಟ್ಟು, ಇವರು ಮನಸ್ಸಿಟ್ಟು ಕೇಳಿಸಿಕೊಂಡರು. ಮೊದಲ ವಾರದ ನಂತರ ಎಷ್ಟು ಸಲ ಫೋನ್ ಬೇಕು ಅನ್ನೋದನ್ನೂ ಅವರೇ ತೀರ್ಮಾನಿಸಿದರು. ಕೊನೆಗೆ ಫೋನ್ ಬಾರದವರಿಗಿಂತ ಫೋನ್ ಬಂದವರಲ್ಲಿ ಒಂಟಿತನ, ಖಿನ್ನತೆ, ಆತಂಕ ಮೂರೂ ಕಡಿಮೆಯಾಗಿದ್ದವು. ನಿಮ್ಮ ಅಮ್ಮನಿಗೂ ಯಾವ ಹೊತ್ತು, ಎಷ್ಟು ಸಲ ಅಂತ ಆರಿಸೋಕೆ ಬಿಡಿ. ಹೇಳಿದ ಹೊತ್ತು ಮಾತ್ರ ತಪ್ಪಿಸಬೇಡಿ, ಅವರು ಅದಕ್ಕಾಗಿ ಕಾದಿರ್ತಾರೆ.

ವಿಡಿಯೋ ಕಾಲ್‌ಗೆ ಒತ್ತಾಯ ಬೇಡ. ಮೊದಲು ಕಿವಿ ಸರಿಯಾಗಿ ಕೇಳಿಸ್ತಿದೆಯಾ ನೋಡಿ. ಅರ್ಧಂಬರ್ಧ ಕೇಳಿಸಿದವರೂ "ಹೂಂ" ಅಂತಲೇ ಮಾತು ಮುಗಿಸಿಬಿಡ್ತಾರೆ! ಟಿವಿ ಇರಲಿ, ಆದರೆ ಕೊರೊನಾ ಸುದ್ದಿ ದಿನಕ್ಕೆ ಒಂದೆರಡು ಸಲ, ಗೊತ್ತಾದ ಹೊತ್ತಲ್ಲಿ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್ 2020ರಲ್ಲೇ ಹೀಗೆ ಸಲಹೆ ಕೊಟ್ಟಿತ್ತು.

ಕಾಲಿನ ಬಗ್ಗೆಯೂ ಹೇಳಲೇಬೇಕು. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದ ಒಂದು ಅಧ್ಯಯನದಲ್ಲಿ ಕಾಲುಗಳ ಸ್ನಾಯು ಸುಮಾರು ಒಂದು ಕಿಲೋ ಕರಗಿತ್ತು. ಅಮ್ಮ ಹಾಸಿಗೆ ಹಿಡಿದಿಲ್ಲ ನಿಜ, ಆದರೂ ಕೂತೇ ಇದ್ದರೆ ಶಕ್ತಿ ಕುಗ್ಗುತ್ತೆ. ಆಮೇಲೆ ಬಾಗಿಲು ತೆರೆದರೂ ಬೀಳೋ ಭಯಕ್ಕೆ ಹೊರಗೆ ಬರಲ್ಲ. ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯಿಂದ ಎದ್ದು ಕೂರೋದನ್ನು ದಿನಕ್ಕೆ ಕೆಲವು ಸಲ ಮಾಡಲಿ. ಕೊರೊನಾ ನಿಯಮ ಅವಕಾಶ ಕೊಟ್ಟರೆ ನೀವೂ ಹೋಗಿ, ಬಯಲಲ್ಲಿ ದೂರ ದೂರ ಕೂತು ಮಾತಾಡಿ. ಮುಚ್ಚಿದ ಕೋಣೆಗಿಂತ ಬಯಲಲ್ಲಿ ಸೋಂಕಿನ ಅಪಾಯ ತುಂಬಾ ಕಡಿಮೆ.

ಮತ್ತೊಬ್ಬರ ಪ್ರಶ್ನೆ: ಮೇಡಂ, ನನಗೆ 71. ನಾನೂ ಒಬ್ಬಳೇ. ಓದು, ಗಿಡ, ಇಬ್ಬರು ಗೆಳತಿಯರ ಜೊತೆ ಫೋನು, ಆರಾಮಾಗೇ ಇದ್ದೀನಿ. ಮಕ್ಕಳು ಮಾತ್ರ "ಪಾಪ, ಒಂಟಿ" ಅಂತ ಕೊರಗ್ತಾರೆ. ನನಗೇನಾದ್ರೂ ಆಗಿದೆಯಾ?

ಉತ್ತರ: ಏನೂ ಆಗಿಲ್ಲಮ್ಮ. ಒಬ್ಬರೇ ಇರೋರಿಗೆಲ್ಲ ಒಂಟಿತನ ಕಾಡಲೇಬೇಕು ಅಂತಿಲ್ಲ. ವಯಸ್ಸಾದಂತೆ ಜನ ತಾವಾಗಿಯೇ ಒಡನಾಟ ಕಿರಿದು ಮಾಡಿಕೊಂಡು, ಬೇಕಾದ ಕೆಲವರನ್ನು ಮಾತ್ರ ಹತ್ತಿರ ಇಟ್ಟುಕೊಳ್ತಾರೆ ಅನ್ನೋದನ್ನು ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್ಟೆನ್‌ಸನ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. 2020ರಲ್ಲಿ ಕೊರೊನಾ ಶುರುವಾದ ತಿಂಗಳುಗಳ ಸಮೀಕ್ಷೆಗಳಲ್ಲೂ ಹಿರಿಯರಿಗಿಂತ ಯುವಜನರೇ ಹೆಚ್ಚು ಆತಂಕ ಹೇಳಿಕೊಂಡಿದ್ದರು. ಒಂದೇ ಮಾತು: ದಿನಕ್ಕೊಮ್ಮೆ ಗೆಳತಿಗೆ ಮೆಸೇಜ್ ಹಾಕೋ ರೂಢಿ ಇಟ್ಟುಕೊಳ್ಳಿ. ಅದು ಬಾರದಿದ್ದರೆ ಯಾರು ಬಂದು ನೋಡಬೇಕು ಅನ್ನೋದು ಇಬ್ಬರಿಗೂ ಗೊತ್ತಿರಲಿ.

ಇನ್ನೊಬ್ಬರ ಪ್ರಶ್ನೆ: ಅಪ್ಪನಿಗೆ ಮರೆವಿನ ಕಾಯಿಲೆ, ಆರೈಕೆ ಕೇಂದ್ರದಲ್ಲಿದ್ದಾರೆ. ಭೇಟಿ ಬಂದ್. ಫೋನ್‌ನಲ್ಲಿ ನಾನು ಯಾರಂತಲೇ ತಿಳಿಯಲ್ಲ, "ಯಾಕೆ ಬರ್ತಿಲ್ಲ" ಅಂತ ಅಳ್ತಾರೆ.

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತೆ. ಸೋಂಕಿನ ವಿವರಣೆಯನ್ನು ಮತ್ತೆ ಮತ್ತೆ ಕೊಡಬೇಡಿ, ನೆನಪಲ್ಲಿ ಉಳಿಯಲ್ಲ, ಹೆದರಿಕೆ ಮಾತ್ರ ಉಳಿಯುತ್ತೆ. "ಬರ್ತೀನಪ್ಪ, ನಿಮ್ಮದೇ ಯೋಚನೆ" ಅಂದು ಹಳೆಯ ಮಾತಿಗೆ ಕರೆದೊಯ್ಯಿರಿ. ಅವರು ಯಾವ ಹೊತ್ತಲ್ಲಿ ಗೆಲುವಾಗಿರ್ತಾರೆ ಅಂತ ಸಿಬ್ಬಂದಿಗೆ ಕೇಳಿ, ಆಗಲೇ ಫೋನ್ ಮಾಡಿ. ಕಿಟಕಿಯಾಚೆ ನಿಂತು ನೋಡಲು ಅವಕಾಶ ಕೇಳಿ. ಒಬ್ಬರಿಗಾದರೂ ಒಳಗೆ ಬಿಡಿ ಅಂತ ಲಿಖಿತವಾಗಿ ಕೇಳೋಕೂ ಸಂಕೋಚ ಬೇಡ. ನೆದರ್‌ಲ್ಯಾಂಡ್ಸ್‌ನಲ್ಲಿ ಮೇ 2020ರಲ್ಲೇ 26 ಕೇಂದ್ರಗಳು ಪ್ರತಿ ನಿವಾಸಿಗೆ ಒಬ್ಬ ಗೊತ್ತುಮಾಡಿದ ಭೇಟಿಗಾರರನ್ನು ಮುನ್ನೆಚ್ಚರಿಕೆಯೊಂದಿಗೆ ಬಿಟ್ಟುಕೊಂಡಿದ್ದವು.

ಮೊದಲ ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ. ಬರೀ ಬೇಜಾರೋ, ಖಿನ್ನತೆಯೋ ಅಂತ ಹೇಗೆ ತಿಳಿಯೋದು?

ಉತ್ತರ: ಹಿರಿಯರು "ಮನಸ್ಸಿಗೆ ಬೇಜಾರು" ಅನ್ನೋದು ಅಪರೂಪ. ಸುಸ್ತು, ಮೈಕೈ ನೋವು, ಹಸಿವಿಲ್ಲ ಅಂತಾರೆ. ಇಷ್ಟದ ಕೆಲಸವೂ ಬೇಡವಾಗೋದು, ನಿದ್ದೆ ಕೆಡೋದು, ತೂಕ ಇಳಿಯೋದು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಿ, ಚಿಕಿತ್ಸೆಗೆ ಗುಣವಾಗುತ್ತೆ. ಒಂದೆರಡು ದಿನದಲ್ಲೇ ದಿಢೀರನೆ ಗೊಂದಲವಾಗಿ ಮಾತಾಡಿದರೆ ಅದು ಬೇರೆ, ಸೋಂಕಿನಿಂದಲೋ ಔಷಧಿಯಿಂದಲೋ ಇರಬಹುದು, ಅವತ್ತೇ ಕರೆದುಕೊಂಡು ಹೋಗಿ. "ಇದ್ದು ಏನು ಪ್ರಯೋಜನ" ಅಂದರೆ ಮಾತು ಮರೆಸಬೇಡಿ. "ಸಾಯಬೇಕು ಅನಿಸ್ತಿದೆಯಾ ಅಮ್ಮ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ, ಸೋಂಕಿನ ಭಯ ಬದಿಗಿಟ್ಟು ಮಾಸ್ಕ್ ಹಾಕಿಕೊಂಡು ಹೊರಡಿ. ನೀವು ತಲುಪೋವರೆಗೆ ಪಕ್ಕದ ಮನೆಯವರು ಜೊತೆಗಿರಲಿ.