ಮುಖಪುಟ ಸಂಗೀತಗಾರರನ್ನು 'ಪ್ರತಿನಿಧಿಸು'ತ್ತದೆಯೇ?

ಗೆಳೆಯರೇ,

ಸಂಗೀತ ಪತ್ರಿಕೆಗಳ ಮುಖಪುಟದಲ್ಲಿ ಸಂಗೀತಗಾರರು ಹೇಗೆ ಕಾಣಿಸಿಕೊಳ್ಳುತ್ತಾರೆ ಎಂಬ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ರೆಪ್ರೆಸೆಂಟೇಶನ್ (ಒಬ್ಬರನ್ನು ಚಿತ್ರದಲ್ಲೋ ಮಾತಿನಲ್ಲೋ ತೋರಿಸುವ ಬಗೆ) ಎಂಬ ಒಂದೇ ಮಾತಿಗೆ ಸಿಕ್ಕಿಕೊಂಡು ಎರಡನೇ ಪುಟ ದಾಟಿಲ್ಲ.

ನಿಘಂಟು ಕೊಡುವುದು ಪ್ರಾತಿನಿಧ್ಯ, ಪ್ರತಿನಿಧಿಸು. 'ಮುಖಪುಟ ಗಾಯಕಿಯನ್ನು ಪ್ರತಿನಿಧಿಸುತ್ತದೆ' ಎಂದು ಬರೆದರೆ, ಆಕೆ ತಾನು ಬರಲಾಗದೆ ತನ್ನ ಪರವಾಗಿ ಫೋಟೊ ಕಳಿಸಿದಂತೆ ಕೇಳುತ್ತದೆ. 'ಪ್ರತಿಬಿಂಬಿಸು' ಎಂದರೆ ಕನ್ನಡಿ. ಇದ್ದದ್ದು ಇದ್ದ ಹಾಗೆ ಎಂಬ ಧ್ವನಿ. ಮುಖಪುಟ ಅಷ್ಟು ಸಾಧುವಲ್ಲ.

ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್ ಅನ್ನೇ ನೋಡಿ. 1967ರ ನವೆಂಬರಿನ ಮೊದಲ ಸಂಚಿಕೆಯ ಮುಖಪುಟದಲ್ಲಿ ಬೀಟಲ್ಸ್ ತಂಡದ ಗಾಯಕ ಜಾನ್ ಲೆನನ್ ಇರುವುದು ಸಿನಿಮಾ ಪಾತ್ರವೊಂದರ ಸೈನಿಕನ ವೇಷದಲ್ಲಿ, ತಲೆಗೆ ಹೆಲ್ಮೆಟ್. 1981ರ ಜನವರಿ ಸಂಚಿಕೆಯಲ್ಲಿ ಅದೇ ಲೆನನ್ ಬೆತ್ತಲೆ. ಬಟ್ಟೆ ತೊಟ್ಟ ಹೆಂಡತಿ ಯೋಕೊ ಓನೊರನ್ನು ಅಪ್ಪಿ ಮಗುವಿನಂತೆ ಮುದುಡಿದ್ದಾರೆ. ಫೋಟೊಗ್ರಾಫರ್ ಆನಿ ಲೀಬೊವಿಟ್ಸ್ ಅದನ್ನು ತೆಗೆದದ್ದು 1980ರ ಡಿಸೆಂಬರ್ 8ರಂದು, ಲೆನನ್ ಕೊಲೆಯಾದ ದಿನವೇ. ಎರಡರಲ್ಲೂ ಗಿಟಾರಿಲ್ಲ, ಮೈಕಿಲ್ಲ. ಆದರೂ ಒಬ್ಬನೇ ಮನುಷ್ಯನಿಂದ ಇಬ್ಬರು ಲೆನನ್‌ರನ್ನು ಮಾಡಿಟ್ಟಿದ್ದಾರೆ. ಈ 'ಮಾಡಿಡುವ' ಕೆಲಸಕ್ಕೆ ನಮ್ಮ ವಿಮರ್ಶಕರು ಬಳಸುವ 'ಕಟ್ಟಿಕೊಡು' ಸರಿಹೊಂದುತ್ತದೆ ಅನ್ನಿಸುತ್ತಿದೆ. 'ಚಿತ್ರಿಸು' ನಡೆದೀತು, ಆದರೆ ಫೋಟೊದ ವಿಷಯದಲ್ಲಿ ಅದಕ್ಕೆ ಸ್ವಲ್ಪ ಕುಂಚದ ವಾಸನೆ.

ಪೋಸ್‌ಗೆ 'ಭಂಗಿ' ಎಂದೇ ಇಟ್ಟುಕೊಂಡಿದ್ದೇನೆ. 'ಪೋಸು ಕೊಡುವುದು' ಕನ್ನಡದಲ್ಲಿ ಆಗಲೇ ಬೈಗುಳದ ಹತ್ತಿರ ಹೋಗಿಬಿಟ್ಟಿದೆ.

ಇನ್ನೊಂದು ಗಂಟು. ಅದೇ ಪತ್ರಿಕೆಯ 1967ರಿಂದ 2009ರವರೆಗಿನ ಸಾವಿರಕ್ಕೂ ಹೆಚ್ಚು ಮುಖಪುಟಗಳ ಅಧ್ಯಯನವೊಂದಿದೆ. 2000ರ ದಶಕದಲ್ಲಿ ಗಂಡಸರ ಚಿತ್ರಗಳಲ್ಲಿ ಶೇ. 17, ಹೆಂಗಸರ ಚಿತ್ರಗಳಲ್ಲಿ ಶೇ. 83 'ಸೆಕ್ಷುಯಲೈಸ್ಡ್' ಎಂದು ಅದರ ಲೆಕ್ಕ. ಇದಕ್ಕೆ 'ಲೈಂಗಿಕಗೊಳಿಸಿದ' ಎಂದರೆ ಸರ್ಕಾರಿ ಸುತ್ತೋಲೆ. 'ಶೃಂಗಾರಮಯ' ಎಂದರೆ ದೂರು ಹೋಗಿ ಹೊಗಳಿಕೆಯಾಗುತ್ತದೆ. ಸದ್ಯಕ್ಕೆ 'ಕಾಮದ ಕಣ್ಣಿಗೆ ಒಡ್ಡಿದ' ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ಒಡ್ಡಿದವರು ಬೇರೆ ಯಾರೋ ಎಂಬುದು ಅದರಲ್ಲಿ ಉಳಿಯುತ್ತದೆ.

ಈಗ ಪ್ರಶ್ನೆ: 'ಕಟ್ಟಿಕೊಡು' ಒಪ್ಪಿಗೆಯಾದರೆ ಅದರ ನಾಮಪದ ಯಾವುದು? 'ಕಟ್ಟಿಕೊಡುವಿಕೆ' ನಾಲಿಗೆಗೆ ತೊಡರುತ್ತದೆ, 'ಕಟ್ಟೋಣ' ಎಂದರೆ ಇಟ್ಟಿಗೆ ಗಾರೆ ನೆನಪಾಗುತ್ತದೆ. ಲೇಖನದ ಹೆಸರಿನಲ್ಲೇ ಈ ಪದ ಬರಬೇಕು. 'ಚಿತ್ರಣ'ಕ್ಕೇ ಮರಳಲೇ, ಅಥವಾ ಹೆಸರನ್ನೇ 'ಮುಖಪುಟ ಕಟ್ಟಿಕೊಡುವ ಸಂಗೀತಗಾರ' ಎಂದು ತಿರುಗಿಸಲೇ?