ಬ್ಯಾಂಕಿನ ಮೇಲ್ ಅಸಲಿಯೋ ನಕಲಿಯೋ, ಹೇಗೆ ನೋಡೋದು?

ಶಿಡ್ಲಘಟ್ಟ ರೀಲರ್ ಮಗ:
ನಮ್ಮಪ್ಪ ರೇಷ್ಮೆ ರೀಲರ್, ಗೂಡಿನಿಂದ ನೂಲು ತೆಗೆಯುವವರು. ಗೂಡು ಮಾರ್ಕೆಟ್‌ಗೆ ದುಡ್ಡು ಹೋಗುವುದು ಖಾತೆಯಿಂದಲೇ. ಈಗ ಸಂಜೆ ಒಂದು ಮೇಲ್ ಬಂದಿದೆ: 'ಕೆವೈಸಿ ಅವಧಿ ಮುಗಿದಿದೆ, ರಾತ್ರಿಯೊಳಗೆ ಅಪ್‌ಡೇಟ್ ಮಾಡದಿದ್ದರೆ ಖಾತೆ ಬ್ಲಾಕ್.' ಲೋಗೋ ಇದೆ, ಮ್ಯಾನೇಜರ್ ಸಹಿ ಇದೆ, ಲಿಂಕ್ ಎಚ್‌ಟಿಟಿಪಿಎಸ್ ಅಂತಲೇ ಶುರುವಾಗುತ್ತದೆ. ಬೆಳಿಗ್ಗೆ ಹರಾಜು ಬೇರೆ. ಒತ್ತು ಒತ್ತು ಅಂತ ಅಪ್ಪ ಬಿಡ್ತಿಲ್ಲ.

ಕೋಲಾರ ಹಳೇ ಕೌಂಟರ್:
ಒತ್ತಬೇಡಿ. ಬ್ಯಾಂಕಿನ ಕೌಂಟರ್‌ನಲ್ಲೇ ಕೂತು ರಿಟೈರ್ ಆದವನು ನಾನು. ಲೋಗೋ, ಸಹಿ ಯಾರು ಬೇಕಾದರೂ ಅಂಟಿಸಬಹುದು. ಎಚ್‌ಟಿಟಿಪಿಎಸ್ ಇದ್ದರೆ ದಾರಿಯಲ್ಲಿ ಯಾರೂ ಕದ್ದು ಓದಲಾರರು, ಅಷ್ಟೇ. ಆ ತುದಿಯಲ್ಲಿ ಕೂತಿರುವವನೇ ಕಳ್ಳನಾದರೆ?

ಕಳಿಸಿದವರ ಹೆಸರಿನ ಮೇಲೆ ಒತ್ತಿ, ಪೂರ್ತಿ ವಿಳಾಸ ಬರುತ್ತದೆ. ಲಿಂಕ್ ಮೇಲೆ ಬೆರಳು ಒತ್ತಿ ಹಿಡಿದರೆ ಅದರದ್ದೂ ಕಾಣುತ್ತದೆ. ತೆರೆಯಬೇಡಿ, ಸುಮ್ನೆ ಓದಿ. ಎರಡು ಸ್ಲ್ಯಾಶ್ ಆದಮೇಲೆ ಬರುವ ಮೊದಲ ಒಂಟಿ ಸ್ಲ್ಯಾಶ್‌ವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದಿ. ಮುಂದೆ ಬ್ಯಾಂಕಿನ ಹೆಸರು ಎಷ್ಟು ಸಲ ಇದ್ದರೂ ಲೆಕ್ಕಕ್ಕಿಲ್ಲ, ಬಾಲ ಮುಖ್ಯ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳ ವೆಬ್‌ಸೈಟ್ 'ಡಾಟ್ ಬ್ಯಾಂಕ್ ಡಾಟ್ ಇನ್'ಗೆ ಬರಬೇಕು ಅಂತ ಆರ್‌ಬಿಐ ಹೇಳಿತ್ತು. ಆ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುವುದು.

ಶಿಡ್ಲಘಟ್ಟ ರೀಲರ್ ಮಗ:
ನೋಡಿದೆ ಸಾರ್. ಮೊದಲು ಬ್ಯಾಂಕಿನ ಹೆಸರು, ಆಮೇಲೆ ಕೆವೈಸಿ, ಕೊನೆಗೆ 'ಡಾಟ್ ಟಾಪ್'! ಆದರೂ ಅಪ್ಪ, 'ನನ್ನ ಮೊಬೈಲಿನ ಕೊನೇ 4 ಅಂಕಿ ಸರಿಯಾಗಿ ಹಾಕಿದ್ದಾರಲ್ಲ' ಅಂತಾರೆ.

ತುಮಕೂರು ಬಿ.ಎಚ್. ರಸ್ತೆ:
ಎಷ್ಟು ಕಡೆ ನಂಬರ್ ಕೊಟ್ಟಿರ್ತೀವಿ, ಸೋರದೆ ಇರುತ್ತಾ? ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸಿದ್ದರೆ ಅದನ್ನೂ ಇನ್‌ಸ್ಟಾಲ್ ಮಾಡಬೇಡಿ. ಯಾರಾದರೂ ಒಟಿಪಿ ಕೊಟ್ಟುಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್, ಜೊತೆಗೇ ಬ್ಯಾಂಕಿಗೂ. 2017ರ ಆರ್‌ಬಿಐ ನಿಯಮದಲ್ಲಿ, ನಾವೇ ಪಾಸ್‌ವರ್ಡ್ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು. ಮರ್ಯಾದೆಗೆ ಅಂಜಿ ಕೂತಷ್ಟೂ ನಮಗೇ ಲಾಸು.

ಕೋಲಾರ ಹಳೇ ಕೌಂಟರ್:
ಅಪ್ಪನ ಸಮಾಧಾನಕ್ಕೆ ಬ್ಯಾಂಕಿನ ಆ್ಯಪ್ ತೆಗೆದು ನೋಡಿ. ಫೋನ್ ಮಾಡುವುದಾದರೆ ಪಾಸ್‌ಬುಕ್‌ನಲ್ಲಿರುವ ನಂಬರ್‌ಗೆ ಮಾಡಿ. ಮೇಲ್‌ನಲ್ಲಿರುವ ನಂಬರ್ ಬೇಡ, ಅಲ್ಲೂ ಅವನೇ ಎತ್ತುತ್ತಾನೆ.

ಶಿಡ್ಲಘಟ್ಟ ರೀಲರ್ ಮಗ:
ಆ್ಯಪ್‌ನಲ್ಲಿ ಕೆವೈಸಿ ಸುದ್ದಿಯೇ ಇಲ್ಲ. ಮೇಲ್ ಡಿಲೀಟ್ ಮಾಡಲಾ?

ತುಮಕೂರು ಬಿ.ಎಚ್. ರಸ್ತೆ:
ಮೊದಲು ಮೇಲ್ ಆ್ಯಪ್‌ನಲ್ಲೇ ಫಿಶಿಂಗ್ (ಮೋಸದ ಮೇಲ್) ಅಂತ ರಿಪೋರ್ಟ್ ಮಾಡಿ, ಆಮೇಲೆ ಡಿಲೀಟ್.